ಇಪ್ಪತ್ತು ನಿಮಿಷದ ಸಾಹೇಬರು

ಅವರು ತೀರಿಕೊಂಡ ದಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಹತ್ತು ಮನೆಗಳಿಂದ ಕೈಮುಗಿದ ಚಿತ್ರ ಬಂತು. ಇರುವುದು ಹನ್ನೆರಡು ಮನೆ. ಒಂದು ಅವರದೇ, ಇನ್ನೊಂದು ನಮ್ಮದು. ನಾನು ಕಳಿಸಲಿಲ್ಲ.

“ಎರಡು ಕೈ ಒತ್ತೋಕೆ ನಿಂಗೇನು ಕಷ್ಟ?” ಎಂದರು ನಮ್ಮ ಮನೆಯವರು. “ಸತ್ತೋರ ಮೇಲೆ ಏನು ಸಿಟ್ಟು?”

“ಬದುಕಿದ್ದಾಗ ತೋರಿಸ್ಲಿಲ್ಲವಲ್ಲ, ಅದಕ್ಕೆ” ಎಂದೆ.

ಮಾರನೆಯ ದಿನ ಸೆಕ್ರೆಟರಿ ಬಂದರು. ನೋಟೀಸ್ ಬೋರ್ಡಿನಲ್ಲಿ ಅವರ ಫೋಟೋ ಹಾಕುತ್ತಾರಂತೆ, ಕೆಳಗೆ ನಾಲ್ಕು ಸಾಲು ಬೇಕಂತೆ. “ನೀವು ಅವರ ಶಿಷ್ಯೆ ಅಲ್ವಾ ಮೇಡಂ, ನೀವೇ ಬರೆದುಕೊಡಿ” ಎಂದರು. ಶಿಷ್ಯೆ ಎಂಬ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆದರೂ ಎಷ್ಟೋ ದಿನ ಕಾಗದ ತೆಗೆದುಕೊಂಡು ಕೂತೆ. ಬೋರ್ಡಿಗೆ ಹಾಕುವಂಥ ಸಾಲು ಒಂದೂ ಬರಲಿಲ್ಲ. ಬಂದದ್ದು ಇದು.

ನಮ್ಮದು ಚಿಕ್ಕಲಸಂದ್ರದ ಒಳರಸ್ತೆಯಲ್ಲಿರುವ ಮೂರು ಮಹಡಿಯ ಹಳೆಯ ಕಟ್ಟಡ. ಅವರು ಮೊದಲ ಮಹಡಿ, ನಾವು ಎರಡನೆಯದು. ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಸೂಪರ್‌ವೈಸರ್ ಆಗಿರುವುದನ್ನು ಬಿಡಲಿಲ್ಲ. ಉದ್ದನೆಯ ಬಡಕಲು ಆಳು, ಕಿವಿಯ ತುಂಬ ಕೂದಲು, ಉಟ್ಟಿದ್ದು ಪಟ್ಟೆ ಲುಂಗಿ, ತೋಳಿಲ್ಲದ ಬನಿಯನ್ನು. ಬನಿಯನ್ನಿನ ಮೇಲೆ ದಾರದಲ್ಲಿ ನೇತಾಡುವ ಒಂದು ಸ್ಟಾಪ್‌ವಾಚು. ಜನಿವಾರ ಬಿಟ್ಟು ಬಂದರೂ ಬಂದಾರು, ಆ ವಾಚು ಬಿಟ್ಟು ಅವರು ಮೆಟ್ಟಿಲು ಇಳಿದದ್ದನ್ನು ನಾನು ಕಾಣೆ.

ಅದರಲ್ಲಿ ಅವರು ಅಳೆಯದ ವಸ್ತುವಿಲ್ಲ. ಸೊಪ್ಪಿನವಳ ಹತ್ತಿರ ಯಾರು ಎಷ್ಟು ಹೊತ್ತು ಚೌಕಾಸಿ ಮಾಡಿದರು, ಯಾರ ಮನೆಯ ಸ್ಕೂಟರು ಗೇಟಿನಲ್ಲಿ ಎಷ್ಟು ಹೊತ್ತು ಅಡ್ಡ ನಿಂತಿತ್ತು, ಮೂರನೆಯ ಮಹಡಿಯವರ ಮಿಕ್ಸಿ ಎಷ್ಟು ಹೊತ್ತು ಕೂಗಿತು, ಎಲ್ಲಕ್ಕೂ ಲೆಕ್ಕ. ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ಅವರ ನೋಟೀಸುಗಳು ಮೆಟ್ಟಿಲ ಗೋಡೆಯ ಮೇಲೆ ಸದಾ ಇರುತ್ತಿದ್ದವು. ‘ಬಟ್ಟೆ ಹಿಂಡಿ ಒಣಗಿಸಿ. ನೀರು ಕೆಳಗೆ ಸೋರಿದರೆ ಬಟ್ಟೆ ವಾಪಸ್ ಸಿಗುವುದಿಲ್ಲ.’ ನಮ್ಮ ಒಂದು ದಿಂಬಿನ ಚೀಲ ನಿಜವಾಗಿಯೂ ವಾಪಸ್ ಸಿಗಲಿಲ್ಲ. ಅವರ ಹೆಂಡತಿ ಮೆತ್ತಗೆ ಮಾತಾಡುವ ಹೆಂಗಸು. ಒಮ್ಮೆ ನನ್ನ ಕಿವಿಯ ಹತ್ತಿರ ಬಂದು, “ನಲವತ್ತು ವರ್ಷದಿಂದ ನನ್ನ ಒಗ್ಗರಣೆ ಅವರ ವಾಚು ನೋಡ್ಕೊಂಡು ಸಿಡೀತಿದೆ ಕಣಮ್ಮ” ಎಂದಿದ್ದರು. ನಗುತ್ತಲೇ ಹೇಳಿದ್ದರು, ಆದರೆ ಹೇಳುವ ಮೊದಲು ಹಿಂದೆ ತಿರುಗಿ ನೋಡಿಕೊಂಡಿದ್ದರು.

ಮರ್ಯಾದೆ ಕೊಡುವುದರಲ್ಲೂ ಅವರದು ಒಂದು ಪಟ್ಟಿ ಇತ್ತು. ಮೂರನೆಯ ಮಹಡಿಯ ಡಾಕ್ಟರಿಗೆ ‘ನೀವು’, ಸೆಕ್ರೆಟರಿಗೆ ‘ನೀವು’, ನಮ್ಮ ಮನೆಯವರಿಗೆ ದಿನ ನೋಡಿಕೊಂಡು ಒಮ್ಮೆ ಅದು ಒಮ್ಮೆ ಇದು. ನನಗೆ ‘ನೀನು’. ಕಟ್ಟಡ ನೋಡಿಕೊಳ್ಳುತ್ತಿದ್ದ ಸಾಕಮ್ಮನಿಗೆ ‘ಏಯ್’.

ನಾನು ಬನ್ನೇರುಘಟ್ಟ ರಸ್ತೆಯ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸರ್ಕ್ಯೂಟ್ ಬೋರ್ಡಿಗೆ ಭಾಗ ಕೂರಿಸಿ ಸಾಲ್ಡರ್ ಹಾಕಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಕೈ ಜಡ್ಡುಗಟ್ಟುತ್ತಿತ್ತು. ಕೆಳಗಿನ ಮಹಡಿಯಲ್ಲೇ ಇಂಥವರೊಬ್ಬರಿದ್ದಾರೆ ಎಂದು ಗೊತ್ತಾದಾಗ ಖುಷಿಯಿಂದಲೇ ಹೋಗಿ ಹೇಳಿಕೊಂಡೆ.

“ಹೌದಾ? ಯಾವ ಪೋಸ್ಟು?” ಎಂದರು.

“ಅಸೆಂಬ್ಲಿ ಸಾರ್.”

“ಓ, ಲೈನ್ ಹುಡುಗಿ” ಎಂದರು. ನನಗಾಗ ನಲವತ್ತೆಂಟು ವರ್ಷ.

ಆವತ್ತೇ ಎದ್ದು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಅವರಿಗೆ ವಿದ್ಯೆ ಇತ್ತು, ಆ ಮಾತನ್ನು ನಾನು ಸಿಟ್ಟಿನಲ್ಲೂ ಒಪ್ಪುತ್ತೇನೆ. ನಾನು ಹತ್ತೊಂಬತ್ತು ವರ್ಷ ಯಾವ ಭಾಗ ಎಲ್ಲಿ ಕೂರಬೇಕು ಎಂದು ಕಲಿತಿದ್ದೆ, ಅಲ್ಲಿ ಕೂತು ಅದು ಏನು ಮಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದು ನನಗೆ ಬೇಕಿತ್ತು. ಬೇಕು ಎಂಬುದು ಅವರಿಗೂ ಗೊತ್ತಾಯಿತು.

ಆ ಬೇಸಿಗೆಯಲ್ಲಿ ನೀರಿಗೆ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಅದೂ ದಾರದಷ್ಟು. ಬಂದಷ್ಟನ್ನು ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮೋಟರು ಹಾಕಿದವರು ಆಫ್ ಮಾಡಲು ಮರೆತರೆ ಟ್ಯಾಂಕು ತುಂಬಿ ಪಕ್ಕದ ಗೌಡರ ಮನೆಯ ಗೋಡೆಯ ಮೇಲೆ ಜೋಗದ ಹಾಗೆ ಇಳಿಯುತ್ತಿತ್ತು. ಊರಿಗೆಲ್ಲ ನೀರಿಲ್ಲದಾಗ ನಮ್ಮ ಟ್ಯಾಂಕು ತುಂಬಿ ಹರಿದರೆ ಗೌಡರು ಬಿಡುತ್ತಾರೆಯೇ? ಅವರ ಬಾಯಿಗೆ ಇಡೀ ಬೀದಿ ಎದ್ದು ಬರುತ್ತಿತ್ತು. ಆಗ ಸಾಹೇಬರು, “ನಾನು ಟೈಮರ್ ಮಾಡ್ತೀನಿ. ಗುಂಡಿ ಒತ್ತಿದ್ರೆ ಇಪ್ಪತ್ತು ನಿಮಿಷ. ತಾನೇ ಓಡುತ್ತೆ, ತಾನೇ ನಿಲ್ಲುತ್ತೆ” ಎಂದು ಮೀಟಿಂಗಿನಲ್ಲಿ ಘೋಷಿಸಿದರು.

ಅವರ ಊಟದ ಮೇಜಿನ ಮೇಲೆ ಅದು ತಯಾರಾಯಿತು. ನಾನು ಪಕ್ಕದಲ್ಲಿ ಕೂತು ಕೇಳಿದ ಭಾಗವನ್ನು ಎತ್ತಿಕೊಡಬೇಕು, ಅಷ್ಟೇ ನನ್ನ ಕೆಲಸ. ಸಾಲ್ಡರಿಂಗ್ ಐರನ್ನು ಮುಟ್ಟುವ ಹಾಗಿಲ್ಲ.

“ಹತ್ತೊಂಬತ್ತು ವರ್ಷ ಕೆಪಾಸಿಟರ್ ಕೂರಿಸಿದ್ದೀಯಲ್ಲ, ಅದೇನು ಮಾಡುತ್ತೆ ಹೇಳು ನೋಡೋಣ” ಎಂದರು.

ನಾನು ಕೈಯಲ್ಲಿದ್ದ ಕೆಪಾಸಿಟರನ್ನು ತಿರುಗಿಸಿ ತಿರುಗಿಸಿ ನೋಡಿದೆ.

“ಬಿಂದಿಗೆ ಕಣಮ್ಮ ಅದು. ಸಣ್ಣ ನಲ್ಲಿ ಕೆಳಗಿಟ್ಟ ಬಿಂದಿಗೆ. ಕರೆಂಟು ಹನಿ ಹನಿಯಾಗಿ ತುಂಬ್ಕೊಳ್ಳುತ್ತೆ. ಮೂರರಲ್ಲಿ ಎರಡು ಭಾಗ ತುಂಬಿದ ಕೂಡ್ಲೇ ಈ ಐ.ಸಿ. ನೋಡ್ಬಿಟ್ಟು ಮೋಟರ್ ಆಫ್ ಮಾಡುತ್ತೆ. ನಲ್ಲಿ ಎಷ್ಟು ಸಣ್ಣದೋ ಅಷ್ಟು ನಿಧಾನ. ಇಷ್ಟು ತಿಳ್ಕೊಳ್ದೆ ಹತ್ತೊಂಬತ್ತು ವರ್ಷ ಏನು ಮಾಡ್ತಿದ್ದೆ?”

ಬೈಗುಳ ಸೇರಿಸಿಯೇ ಕಲಿಸುತ್ತಿದ್ದರು. ಆದರೂ ಅವತ್ತು ಮನೆಗೆ ಬಂದು ಆ ಬಿಂದಿಗೆಯನ್ನೇ ಯೋಚಿಸುತ್ತ ಕೂತಿದ್ದೆ. ಅಷ್ಟು ಚೆನ್ನಾಗಿ ನನಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಅವರ ಸಾಲ್ಡರಿಂಗ್ ಮಾತ್ರ ಅಯ್ಯೋ ಎನ್ನುವ ಹಾಗಿತ್ತು. ವಯಸ್ಸಾಗಿ ಕೈ ನಡುಗುತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ. ಬೋರ್ಡಿನ ಮೇಲೆ ಸೀಸದ ಗುಡ್ಡೆಗಳು, ಸುತ್ತ ಕಂದು ಅಂಟು. ನಮ್ಮ ಲೈನಿನಲ್ಲಿ ಆ ಅಂಟನ್ನು ತೊಳೆಯದೆ ಬೋರ್ಡು ಮುಂದಕ್ಕೆ ಕೊಟ್ಟರೆ ಮೆಮೊ ಬರುತ್ತಿತ್ತು. ನಾನು ಮೆಲ್ಲಗೆ, “ಸಾರ್, ಒಂದ್ಸಲ ಸ್ಪಿರಿಟ್ ಹಾಕಿ ಬ್ರಷ್‌ನಲ್ಲಿ ತೊಳೆದುಬಿಡೋಣ್ವಾ?” ಎಂದೆ.

“ಪಾತ್ರೆ ತೊಳೆಯೋ ಬುದ್ಧಿ ಬಿಡು” ಎಂದರು.

ಟೈಮರು ಕೆಲಸವೇನೋ ಮಾಡಿತು. ಮೆಟ್ಟಿಲ ಕೆಳಗೆ ಮೋಟರಿನ ಪಕ್ಕದ ಗೋಡೆಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅದನ್ನು ಕೂರಿಸಿದರು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ, ಮೇಲೆ ಕೆಂಪು ಅಕ್ಷರದಲ್ಲಿ ‘ನಾನಲ್ಲದೆ ಯಾರೂ ತೆರೆಯಬಾರದು’. ಹೊರಗೆ ಇದ್ದದ್ದು ಒಂದು ಹಸಿರು ಗುಂಡಿ ಮಾತ್ರ. ಬೆಳಿಗ್ಗೆ ಆರು ಗಂಟೆಗೆ ಅದನ್ನು ಒತ್ತುವ ಕೆಲಸ ಸಾಕಮ್ಮನದು.

ಸಾಕಮ್ಮ ಕನಕಪುರದ ಕಡೆಯವಳು. ಸಂಪಿನ ಪಕ್ಕದ ಒಂದೇ ರೂಮಿನಲ್ಲಿ ಗಂಡ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದಳು. ಮೆಟ್ಟಿಲು ಗುಡಿಸುವುದು, ಕಸ ಬೇರೆ ಮಾಡುವುದು, ಗೇಟು, ನೀರು, ಎಲ್ಲ ಅವಳೇ. ನಾನೂ ಅವಳನ್ನು ‘ನೀನು’ ಎಂದೇ ಕರೆಯುತ್ತಿದ್ದೆ, ಆ ವಿಷಯದಲ್ಲಿ ನನ್ನದೇನೂ ಹೆಚ್ಚುಗಾರಿಕೆ ಇಲ್ಲ. ದೊಡ್ಡ ಮಗಳು ಎರಡು ಬೀದಿ ಆಚೆಯ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಕ್ಲಾಸಿಗೆ ಮೊದಲಿನವಳು. ಬೇರೆ ಕಡೆ ಇದಕ್ಕಿಂತ ಒಳ್ಳೆಯ ಕೆಲಸ ಕರೆದರೂ ಸಾಕಮ್ಮ ಹೋಗಿರಲಿಲ್ಲ. “ಅವಳದು ಹತ್ತನೇದು ಮುಗಿಯೋವರ್ಗೂ ನಾನು ಈ ರೂಮ್ ಬಿಡಲ್ಲ ಅಕ್ಕ. ಈ ಸ್ಕೂಲ್ ಮೇಷ್ಟ್ರು ಇವಳ ಮೇಲೆ ಪ್ರಾಣ ಇಟ್ಕೊಂಡವ್ರೆ” ಎನ್ನುತ್ತಿದ್ದಳು. ಆ ರೂಮಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆಯುಧಪೂಜೆ ಬಂತು. ಕಾರು, ಸ್ಕೂಟರು, ಸೈಕಲ್ಲು ಎಲ್ಲ ತೊಳೆದು ಸಾಲಾಗಿ ನಿಲ್ಲಿಸಿದ್ದೆವು. ಗೇಟಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ತಂದಿಟ್ಟಿತ್ತು. ಸಾಹೇಬರು ರೇಷ್ಮೆ ಪಂಚೆ ಉಟ್ಟು, ವಾಚು ನೇತುಹಾಕಿಕೊಂಡು ಇಳಿದರು. ಮೋಟರಿಗೆ ಗಂಧ ಹಚ್ಚಿದರು, ಕುಂಕುಮ ಇಟ್ಟರು. ಸಾಕಮ್ಮ ಟೈಮರ್ ಪೆಟ್ಟಿಗೆಯ ಮೇಲೆ ಒಂದು ಹೂವು ಸಿಕ್ಕಿಸಲು ಹೋದಳು.

“ಏಯ್, ಮುಟ್ಟಬೇಡ” ಎಂದು ಗದರಿದರು. ಆಮೇಲೆ ನಮ್ಮ ಕಡೆ ತಿರುಗಿ, “ಡಬ್ಬಿಗೆ ಪೂಜೆ ಮಾಡಿದ್ರೆ ಪ್ಲಾಸ್ಟಿಕ್‌ಗೆ ಪೂಜೆ ಮಾಡಿದ ಹಾಗಾಗುತ್ತೆ. ಕೆಲಸ ಮಾಡೋದು ಒಳಗಿರೋದು” ಎಂದು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಬೋರ್ಡಿಗೆ ಮೂರು ಬೆರಳಿನಿಂದ ಗಂಧ ಎಳೆದು, ನಡುವೆ ನೀರಿನಲ್ಲಿ ಕಲಸಿದ ಕುಂಕುಮದ ದೊಡ್ಡ ಬೊಟ್ಟು ಇಟ್ಟು, ಅಕ್ಷತೆ ಹಾಕಿ ಮುಚ್ಚಳ ಮುಚ್ಚಿದರು. ನಾವೆಲ್ಲ ಮಂಗಳಾರತಿ ತೆಗೆದುಕೊಂಡೆವು. ನಾನೂ ತೆಗೆದುಕೊಂಡೆ. ಹತ್ತೊಂಬತ್ತು ವರ್ಷ ಬೋರ್ಡು ತೊಳೆದ ಕೈಯವಳಿಗೆ ಆ ಕ್ಷಣದಲ್ಲಿ ಏನೂ ಅನ್ನಿಸಲಿಲ್ಲ. ಪೂಜೆಯ ಹೊತ್ತಿನಲ್ಲಿ ಕುಂಕುಮ ಕಂಡರೆ ಕಣ್ಣಿಗೆ ಒತ್ತಿಕೊಳ್ಳುವುದು ಬಿಟ್ಟು ಬೇರೆ ಬುದ್ಧಿ ನಮಗೆ ಎಲ್ಲಿ ಓಡುತ್ತದೆ?

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಜಡಿಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮೋಟರು ಇಪ್ಪತ್ತು ನಿಮಿಷಕ್ಕೆ ನಿಲ್ಲಲಿಲ್ಲ. ಗೌಡರ ಗೋಡೆ ಒದ್ದೆಯಾಯಿತು, ಗೌಡರು ಬೀದಿಗೆ ಬಂದರು. ಸಾಹೇಬರು ಪೆಟ್ಟಿಗೆಯನ್ನು ಮನೆಗೆ ಒಯ್ದು ಮಧ್ಯಾಹ್ನ ಮೇಜಿನ ದೀಪದ ಕೆಳಗಿಟ್ಟು ಪರೀಕ್ಷೆ ಮಾಡಿದರು. ಸರಿಯಾಗಿ ಇಪ್ಪತ್ತು ನಿಮಿಷ. ತಂದು ಕೂರಿಸಿದರು. ಎರಡು ದಿನ ಸರಿ ಇತ್ತು, ಮೂರನೆಯ ಬೆಳಿಗ್ಗೆ ಮತ್ತೆ ಹರಿಯಿತು. ಐ.ಸಿ. ಬದಲಾಯಿಸಿದರು. ಕೆಪಾಸಿಟರ್ ಬದಲಾಯಿಸಿದರು. ಮೋಟರನ್ನು ಆನ್ ಆಫ್ ಮಾಡುವ ರಿಲೇ ಬದಲಾಯಿಸಿದರು. ಪ್ರತಿ ಸಲವೂ ಮೇಜಿನ ಮೇಲೆ ಸರಿ, ಮೆಟ್ಟಿಲ ಕೆಳಗೆ ತಪ್ಪು. ಕೊನೆಗೊಂದು ದಿನ ಸಂಪು ಪೂರ್ತಿ ಬರಿದಾಗಿ, ಮೋಟರು ನೀರಿಲ್ಲದೆ ಓಡಿ ಓಡಿ ಸುಟ್ಟುಹೋಯಿತು. ಅದು ರಿಪೇರಿಯಾಗುವವರೆಗೆ ಮೂರು ದಿನ ಹನ್ನೆರಡು ಮನೆಯವರು ಬಕೆಟ್ ಹಿಡಿದು ಮೆಟ್ಟಿಲು ಹತ್ತಿದೆವು.

ಮೇಲೆ ಸರಿ, ಕೆಳಗೆ ತಪ್ಪು. ಇದರಿಂದ ಅವರು ಏನು ತೀರ್ಮಾನ ಮಾಡಿದರು ಗೊತ್ತೇ? “ಹಾಗಾದ್ರೆ ತಪ್ಪು ಕೆಳಗಿರೋರದ್ದು” ಎಂದರು.

ಭಾನುವಾರ ಹನ್ನೊಂದು ಗಂಟೆಗೆ ಪಾರ್ಕಿಂಗಿನಲ್ಲಿ ಮೀಟಿಂಗು. ಮಳೆ ನಿಂತು ಚೆನ್ನಾಗಿ ಬಿಸಿಲು ಬಿದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಹಾಕಿ ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಟೈಮರು, ಮೋಟರಿನ ಬದಲು ಒಂದು ಬಲ್ಬು. ಸಾಕಮ್ಮನನ್ನು ಕಂಬದ ಹತ್ತಿರ ನಿಲ್ಲಿಸಿದ್ದರು. ಸಾಹೇಬರು ಹಸಿರು ಗುಂಡಿ ಒತ್ತಿದರು, ಬಲ್ಬು ಹೊತ್ತಿತು. ವಾಚನ್ನು ಸೆಕ್ರೆಟರಿಯ ಕೈಗೆ ಕೊಟ್ಟು ಕೈಕಟ್ಟಿ ನಿಂತರು.

ಇಪ್ಪತ್ತು ನಿಮಿಷ ನಾವೆಲ್ಲ ಸುಮ್ಮನೆ ಕೂತು ಒಂದು ಬಲ್ಬು ನೋಡಿದೆವು. ನಡುವೆ ಯಾರೋ ಕೆಮ್ಮಿದರು, ಡಾಕ್ಟರು ಎದ್ದು ಹೋಗಲು ನೋಡಿದರು, “ಕೂತ್ಕೊಳ್ಳಿ ಡಾಕ್ಟ್ರೇ, ಇನ್ನು ಏಳು ನಿಮಿಷ” ಎಂದರು. ಸಾಕಮ್ಮ ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಆ ಬಲ್ಬು ಆರದಿರಲಿ ಎಂದು ನಾನು ಬೇಡಿಕೊಂಡೆ. ಟಕ್ ಎಂದು ರಿಲೇ ಬಿತ್ತು, ಬಲ್ಬು ಆರಿತು. ಸೆಕ್ರೆಟರಿ ವಾಚು ನೋಡಿ, “ಇಪ್ಪತ್ತು ನಿಮಿಷ, ನಾಲ್ಕು ಸೆಕೆಂಡ್” ಎಂದರು.

“ನೋಡಿದ್ರಲ್ಲ?” ಎಂದು ಸಾಹೇಬರು ಸಾಕಮ್ಮನ ಕಡೆ ತಿರುಗಿದರು. “ಏಯ್, ಈಗ ಹೇಳು. ಎಷ್ಟು ಸಲ ಒತ್ತುತ್ತೀಯಾ ದಿನಾ?”

“ಒಂದೇ ಸಲ ಸಾರ್. ಒತ್ತಿಬಿಟ್ಟು ಮೆಟ್ಲು ಗುಡಿಸೋಕೆ ಹೋಗ್ತೀನಿ.”

“ಒಂದೇ ಸಲ ಒತ್ತಿದ್ರೆ ನಿಲ್ಲುತ್ತೆ. ಈಗ ಎಲ್ಲರ ಮುಂದೆ ನಿಲ್ತು. ಹಾಗಾದ್ರೆ ಇದು ಸುಳ್ಳು ಹೇಳ್ತಾ?”

“ಅದು ನಂಗೊತ್ತಿಲ್ಲ ಸಾರ್. ನಾನಂತೂ ಸುಳ್ಳು ಹೇಳ್ತಿಲ್ಲ. ನನ್ನ ಮಕ್ಕಳಾಣೆ.”

“ಆಣೆ ಎಲ್ಲ ಬೇಡ. ಇದು ಸರ್ಕ್ಯೂಟು, ಇದಕ್ಕೆ ಹೆಂಡ್ತಿ ಮಕ್ಕಳಿಲ್ಲ. ಸುಳ್ಳು ಹೇಳೋಕೆ ಇದಕ್ಕೆ ಕಾರಣ ಇಲ್ಲ” ಎಂದರು. ಒಂದಿಬ್ಬರು ನಕ್ಕರು.

ನಾಲ್ಕು ದಿನದಲ್ಲಿ ರೂಮು ಖಾಲಿ ಮಾಡಿಸಿದರು. ಸಾಮಾನು ತುಂಬಿದ ಆಟೋದಲ್ಲಿ ಸಾಕಮ್ಮ ಅರೆಕೆರೆಗೆ, ಅವಳ ತಂಗಿಯ ಮನೆಯ ಹತ್ತಿರಕ್ಕೆ ಹೋದಳು. ಹೊರಡುವಾಗ ನನ್ನ ಹತ್ತಿರ ಬಂದು, “ಅಕ್ಕ, ನಿಮಗಾದ್ರೂ ಗೊತ್ತಲ್ವಾ, ನೀವು ಫ್ಯಾಕ್ಟ್ರೀಲಿ ಇದ್ದೋರು. ಅದು ಒಂದೊಂದ್ಸಲ ಹಂಗೆ ಮಾಡುತ್ತಾ?” ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಆಗ ನಿಜವಾಗಿಯೂ ಗೊತ್ತಿರಲಿಲ್ಲ.

ಆಮೇಲೆ ಗುಂಡಿ ಒತ್ತುವ ಕೆಲಸವನ್ನು ಸಾಹೇಬರೇ ವಹಿಸಿಕೊಂಡರು. ಒಂದು ಚಳಿಯ ಬೆಳಿಗ್ಗೆ ನಾನು ಹಾಲು ತರಲು ಇಳಿದೆ. ಅವರು ಮಫ್ಲರು ಸುತ್ತಿಕೊಂಡು ಮೋಟರಿನ ಮುಂದೆ ವಾಚು ಹಿಡಿದು ನಿಂತಿದ್ದರು. ನಾನು ಮೆಟ್ಟಿಲ ತಿರುವಿನಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ವಾಚಿನಿಂದ ತಲೆಯೆತ್ತಿ ಮೋಟರನ್ನು ನೋಡಿದರು. ಮೋಟರು ಓಡುತ್ತಲೇ ಇತ್ತು. ಆಚೆ ಈಚೆ ನೋಡಿ, ಕೈಚಾಚಿ ಮೇನ್ ಸ್ವಿಚ್ಚನ್ನು ಆಫ್ ಮಾಡಿ, ಏನೂ ಆಗದವರ ಹಾಗೆ ಮೇಲೆ ಹೋದರು. ಮಾರನೆಯ ದಿನ ಬೇಕೆಂದೇ ಅದೇ ಹೊತ್ತಿಗೆ ಇಳಿದೆ. ಅದೇ ಕತೆ. ಅವರಿಗೆ ಗೊತ್ತಾಗಿತ್ತು. ಎಷ್ಟು ದಿನದಿಂದ ಗೊತ್ತಾಗಿತ್ತೋ ದೇವರೇ ಬಲ್ಲ. ದಿನಾ ಬೆಳಿಗ್ಗೆ ಚಳಿಯಲ್ಲಿ ನಿಂತು ಆ ಸುಳ್ಳನ್ನು ಕಾಯುತ್ತಿದ್ದರು.

ಮೂರನೆಯ ದಿನ ನಾನು ಎದುರಿಗೇ ಹೋಗಿ ನಿಂತೆ.

“ನಿಲ್ಲಲಿಲ್ವಾ ಸಾರ್?”

ನನ್ನನ್ನು ದುರುಗುಟ್ಟಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು, “ಬಾ ಮೇಲೆ” ಎಂದರು.

ಮೇಜಿನ ಮೇಲಿಟ್ಟು ದೀಪ ಹಾಕಲು ಹೋದರು. ಬೇಡ ಎಂದೆ. ಮನೆಗೆ ಓಡಿ, ಕಾರ್ಖಾನೆಯಿಂದ ತಂದಿದ್ದ ನನ್ನ ಭೂತಗನ್ನಡಿ ತಂದೆ. ಮುಚ್ಚಳ ತೆಗೆದು ಬೋರ್ಡು ತಿರುಗಿಸಿ ನೋಡಿದೆ. ಕೆಪಾಸಿಟರಿನ ಎರಡು ಕಾಲುಗಳ ನಡುವೆ, ಆ ಕಂದು ಅಂಟಿನ ಜೊತೆ ಸೇರಿ, ಬರಿಗಣ್ಣಿಗೆ ಅಂಟಿನ ಹಾಗೇ ಕಾಣುವ ಒಂದು ಕೆಂಪು ಪದರ, ಮುಂದೆ ಇಟ್ಟ ಬೊಟ್ಟು ತೂತುಗಳಿಂದ ಇಳಿದದ್ದು. ಅದರ ಅಂಚಿನಲ್ಲಿ ತಾಮ್ರ ಹಸಿರಾಗಿತ್ತು. ಬಿಂದಿಗೆ ತೂತಾಗಿದೆ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಕುಂಕುಮದಲ್ಲಿ ಅರಿಶಿನದ ಜೊತೆ ಸುಣ್ಣವೂ ಇರುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಹೀರಿಕೊಳ್ಳುತ್ತದೆ. ನಲ್ಲಿಯಿಂದ ಹನಿ ಹನಿಯಾಗಿ ಬಿದ್ದದ್ದೆಲ್ಲ ಆ ಒದ್ದೆ ಕುಂಕುಮದ ಮೂಲಕ ಸೋರಿ ಹೋಗುತ್ತದೆ. ಬಿಂದಿಗೆ ತುಂಬುವುದಿಲ್ಲ, ಮೋಟರು ನಿಲ್ಲುವುದಿಲ್ಲ. ಬಿಸಿಲಿನಲ್ಲಿ, ದೀಪದ ಕೆಳಗೆ ಒಣಗಿದರೆ ಎಲ್ಲ ಸರಿ.

“ಸಾರ್, ಇಲ್ಲಿ ಮೀಟರ್ ಹಿಡೀರಿ” ಎಂದೆ. ಅವರಿಗೆ ನಾನು ಏನಾದರೂ ಮಾಡಿ ಎಂದು ಹೇಳಿದ್ದು ಅದೇ ಮೊದಲು. ಕೆಪಾಸಿಟರನ್ನು ಕಳಚಿ, ಅದು ಕೂತಿದ್ದ ಎರಡು ಜಾಗಕ್ಕೆ ಮಲ್ಟಿಮೀಟರಿನ ಕಡ್ಡಿ ಒತ್ತಿ ಹಿಡಿದರು. ನಾನು ಬಗ್ಗಿ ಬೋರ್ಡಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟೆ, ಕನ್ನಡಕ ಒರೆಸುವ ಮೊದಲು ಬಿಡುತ್ತೇವಲ್ಲ, ಹಾಗೆ. ಮೀಟರಿನ ಅಂಕಿ ದಡದಡ ಇಳಿಯಿತು, ಇಳಿದರೆ ಕರೆಂಟು ಸೋರುತ್ತಿದೆ ಎಂದೇ ಅರ್ಥ. ಉಸಿರಿನ ಪಸೆ ಆರುತ್ತಿದ್ದ ಹಾಗೆ ನಿಧಾನವಾಗಿ ಏರಿತು. ಮತ್ತೆ ಊದಿದೆ, ಮತ್ತೆ ಇಳಿಯಿತು. ಆಮೇಲೆ ಸ್ಪಿರಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷು ತರಿಸಿ ಎರಡು ಸಲ ತಿಕ್ಕಿ ತೊಳೆದೆ. ಒರೆಸಿದ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಒಣಗಿದ ಮೇಲೆ ಎಷ್ಟು ಊದಿದರೂ ಅಂಕಿ ಕದಲಲಿಲ್ಲ.

“ಆಯುಧಪೂಜೆ ಕುಂಕುಮ ಸಾರ್” ಎಂದೆ.

ಅವರು ಹತ್ತಿಯನ್ನು ನೋಡುತ್ತ ಕೂತರು. ಒಳಗೆ ಅವರ ಹೆಂಡತಿ ಪಾತ್ರೆ ಇಡುವ ಸದ್ದು ನಿಂತಿತು.

“ಸಾಕಮ್ಮನಿಗೆ ಹೇಳ್ಬೇಕಲ್ವಾ ಸಾರ್?”

“ಏನಂತ?”

“ತಪ್ಪು ಅವಳದ್ದಲ್ಲ ಅಂತ.”

“ಅವಳಿಗೆ ಅಲ್ಲಿ ಕೆಲಸ ಸಿಕ್ಕಿದೆಯಂತೆ. ಈಗ ಕೆದಕಿ ಯಾರಿಗೆ ಏನಾಗ್ಬೇಕು?” ಎಂದರು. ಹತ್ತಿಯನ್ನು ಮುದ್ದೆ ಮಾಡಿ ಕಾಗದದಲ್ಲಿ ಸುತ್ತಿದರು. ಆಮೇಲೆ ನನ್ನ ಕಡೆ ನೋಡದೆ ಸಾಲ್ಡರಿಂಗ್ ಐರನ್ನನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, “ಈ ಬೋರ್ಡು ಬೇಡ. ಹೊಸದು ನೀವು ಮಾಡಿ. ನಿಮ್ಮ ಕೈ ಚೆನ್ನಾಗಿದೆ” ಎಂದರು.

ನೀವು. ನಿಮ್ಮ ಕೈ. ಡಾಕ್ಟರಿಗೆ ಕೊಡುತ್ತಿದ್ದ ಮರ್ಯಾದೆ.

ಆ ಮನುಷ್ಯ ಎಂಥ ಕಿಲಾಡಿ ಎಂದರೆ, ನನಗೆ ಏನು ಬೇಕು ಎಂದು ಅವರು ಮೊದಲ ದಿನವೇ ಅಳೆದು ಇಟ್ಟುಕೊಂಡಿದ್ದರು. ಬೇಕಾದ ದಿನ ತೆಗೆದು ಕೊಟ್ಟರು. ನಾನು ತೆಗೆದುಕೊಂಡೆ. ಒಂದು ವಾರ ಅವರ ಮೇಜಿನಲ್ಲಿ ಕೂತು, ನನ್ನ ಜನ್ಮದಲ್ಲಿ ಮಾಡಿದ ಎಲ್ಲಕ್ಕಿಂತ ಚೆಂದದ ಬೋರ್ಡು ಮಾಡಿದೆ. ತೊಳೆದೆ, ಒಣಗಿಸಿದೆ, ಮೇಲೆ ವಾರ್ನಿಷ್ ಬಳಿದೆ. ಅವರು ಪಕ್ಕದಲ್ಲಿ ಕೂತು ಕೇಳಿದ ಭಾಗ ಎತ್ತಿಕೊಟ್ಟರು. ಗ್ರೂಪಿನಲ್ಲಿ ‘ಟೈಮರ್ ಅಪ್‌ಗ್ರೇಡ್ ಆಗಿದೆ’ ಎಂದು ಹಾಕಿ, ಕೆಳಗೆ ನನ್ನ ಹೆಸರು ಬರೆದರು. ಹತ್ತು ಮನೆಯಿಂದ ಚಪ್ಪಾಳೆಯ ಚಿತ್ರ ಬಂತು. ನಾನು ಒಂದೊಂದಕ್ಕೂ ಥ್ಯಾಂಕ್ಸ್ ಹೇಳಿದೆ.

ಅಲ್ಲಿಂದ ಅವರು ಸಾಯುವವರೆಗೆ ಎರಡು ವರ್ಷ ನನ್ನನ್ನು ‘ನೀವು’ ಎಂದೇ ಕರೆದರು. ಮಿಕ್ಕವರಿಗೆ ಅದೇ ಕೆಂಪು ನೋಟೀಸು, ಅದೇ ವಾಚು. ಸಾಕಮ್ಮನ ಜಾಗಕ್ಕೆ ಬಂದವಳಿಗೂ ‘ಏಯ್’. ಎಷ್ಟೋ ಸಲ ಮೀಟಿಂಗಿನಲ್ಲಿ ಎದ್ದು ಹೇಳಿಬಿಡಬೇಕು ಎನ್ನಿಸುತ್ತಿತ್ತು. ಅಷ್ಟರಲ್ಲಿ ಅವರು, “ಟೆಕ್ನಿಕಲ್ ವಿಷಯ ಇವರನ್ನ ಕೇಳಿ” ಎಂದು ನನ್ನ ಕಡೆ ಕೈ ತೋರುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಅವರ ಮೇಲೆ ನನಗಿರುವ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಇದೇ ಇರಬೇಕು.

ಮೊನ್ನೆ ಅವರ ಹನ್ನೊಂದನೆಯ ದಿನ ಕಳೆದ ಮೇಲೆ, ಸಾಕಮ್ಮನ ನಂಬರ್ ಹುಡುಕಿ ಫೋನು ಮಾಡಿದೆ. ದನಿ ಗುರುತು ಹಿಡಿದು, “ಹೇಳಿ ಅಕ್ಕ, ಚೆನ್ನಾಗಿದ್ದೀರಾ?” ಎಂದಳು. ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ.

“ಚಿಕ್ಕೋಳು ಸ್ಕೂಲಿಗೆ ಹೋಗ್ತಾಳೆ. ದೊಡ್ಡೋಳು ಗಾರ್ಮೆಂಟ್ಸ್‌ಗೆ ಹೋಗ್ತಾಳೆ ಅಕ್ಕ.”

“ಯಾಕೆ ಸಾಕಮ್ಮ, ಅಷ್ಟು ಚೆನ್ನಾಗಿ ಓದ್ತಿದ್ಲಲ್ಲ?”

“ಓದ್ತಿದ್ಲು. ಸಂಕ್ರಾಂತಿವರ್ಗೂ ಇಲ್ಲಿಂದ ಎರಡು ಬಸ್ ಹತ್ಕೊಂಡು ನಿಮ್ಮ ಕಡೆ ಸ್ಕೂಲಿಗೇ ಬರ್ತಿದ್ಲು. ಆಮೇಲೆ ಕೈಲಾಗ್ಲಿಲ್ಲ, ಟಿ.ಸಿ. ತಗೊಂಡ್ವಿ. ಇಲ್ಲಿ ಮಧ್ಯದಲ್ಲಿ ಸೇರಿಸ್ಕೊಳ್ಳಲ್ಲ ಅಂದ್ರು. ಮನೇಲಿ ಕೂತ್ಲು. ಕೂತೋಳು ಮತ್ತೆ ಹೋಗ್ಲಿಲ್ಲ.”

ನಾನು ಹೇಳಬೇಕಾದ್ದನ್ನು ಹೇಳಿದೆ. ಸಾಹೇಬರು ಹೋದರು ಎಂದೆ. ಟೈಮರಿನಲ್ಲಿ ತಪ್ಪಿತ್ತು, ನಿನ್ನದೇನೂ ತಪ್ಪಿರಲಿಲ್ಲ, ಒಳಗೆ ಅವರೇ ಇಟ್ಟಿದ್ದ ಕುಂಕುಮದಿಂದ ಹಾಗಾಗುತ್ತಿತ್ತು, ನಾನೇ ಕಂಡುಹಿಡಿದೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಅಳುತ್ತಾಳೆ, ಇಲ್ಲ ಸಾಹೇಬರಿಗೆ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ.

“ಯಾವಾಗ ಗೊತ್ತಾಯ್ತು ಅಕ್ಕ ನಿಮಗೆ?” ಎಂದಳು.

ಸುಳ್ಳು ಹೇಳಬಹುದಿತ್ತು. “ನೀನು ಹೋಗಿ ಹತ್ತು ದಿನಕ್ಕೆ” ಎಂದೆ.

ಫೋನು ಕಟ್ಟಾಯಿತೇ ಎಂದು ಕಿವಿಯಿಂದ ತೆಗೆದು ನೋಡಿದೆ, ಆಗಿರಲಿಲ್ಲ.

“ಆಗ ನನ್ನ ಮಗಳು ದಿನಾ ನಿಮ್ಮ ಗೇಟ್ ಮುಂದೇನೇ ಸ್ಕೂಲಿಗೆ ಹೋಗ್ತಿದ್ಲಲ್ಲ ಅಕ್ಕ” ಎಂದಳು.